ಮೀಟರಪ್ಪನವರು ನೀರಿಗಿಳಿದದ್ದು

ಮೀಟರಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ನೀರು ಸರಬರಾಜು ಕಚೇರಿಯ ಕೆಲಸಕ್ಕೆ ಸೇರಿದ ಹೊಸತರಲ್ಲಿ ಅವರು ಮನೆಮನೆಗೆ ಹೋಗಿ, ಗೇಟಿನ ಪಕ್ಕದ ಗುಂಡಿಯಲ್ಲಿ ತಲೆ ತೂರಿಸಿ ನೀರಿನ ಮೀಟರು ನೋಡುತ್ತಿದ್ದರು. ಆಗ ಬೀದಿಯ ಮಕ್ಕಳು ಕೊಟ್ಟ ಬಿರುದು ಅದು. ಮುಂದೆ ಅವರು ಮೀಟರು ವಿಭಾಗಕ್ಕೇ ಮುಖ್ಯಸ್ಥರಾದರು. ಬಿರುದಿನ ಬಾಲಕ್ಕೆ ಒಂದು 'ನವರು' ಸೇರಿಕೊಂಡಿತು, ಅಷ್ಟೆ.

ಕಾಲ ಬಂತು, ಕಚೇರಿಯವರು ಕೈಗೊಂದು ಗೋಡೆಗಡಿಯಾರ ಕೊಟ್ಟು, ಫೋಟೋ ತೆಗೆಸಿ, ಮನೆಗೆ ಕಳಿಸಿದರು. ಮರುದಿನ ಬೆಳಿಗ್ಗೆ ಮೀಟರಪ್ಪನವರು ಎಂದಿನಂತೆ ಸ್ನಾನ ಮುಗಿಸಿ, ಇಸ್ತ್ರಿಯ ಶರ್ಟು ತೊಟ್ಟು, ಬೂಟಿನ ಲೇಸು ಕಟ್ಟಿ ಎದ್ದು ನಿಂತರು. ನಿಂತಾದ ಮೇಲೆ ಎಲ್ಲಿಗೆ ಹೋಗಬೇಕೆಂದು ತಿಳಿಯದೆ ಅಡುಗೆಮನೆಗೆ ಹೋದರು.

ಅಡುಗೆಮನೆಗೆ ಇದು ಶುಭವಾಗಲಿಲ್ಲ. ಒಂದೇ ವಾರದಲ್ಲಿ ಅವರು ಡಬ್ಬಿಗಳನ್ನೆಲ್ಲ ಎತ್ತರದ ಪ್ರಕಾರ ಸಾಲಾಗಿ ನಿಲ್ಲಿಸಿದರು. ಒಗ್ಗರಣೆ ಹಾಕುವಾಗ ಹೆಂಡತಿಯ ಬೆನ್ನ ಹಿಂದೆ ನಿಂತು, "ಎಣ್ಣೆ ಸ್ವಲ್ಪ ಜಾಸ್ತಿ ಹರೀತಾ ಇದೆ ಅನ್ಸುತ್ತೆ" ಎಂದರು. ಹೆಂಡತಿ ಬಹಳ ಮಾತಿನವರಲ್ಲ. ಸಕ್ಕರೆ ಇರುತ್ತಿದ್ದ ಜಾಗದಲ್ಲಿ ಉಪ್ಪು ಕೂತಿದ್ದ ದಿನ, ಮೊದಲ ಗುಟುಕು ಚಹಾ ಕುಡಿದು, ಲೋಟವನ್ನು ಕೆಳಗಿಟ್ಟು ಹೇಳಿದರು:

"ರೀ, ಬೆಳಿಗ್ಗೆ ಹೊತ್ತು ನೀವು ಎಲ್ಲಿಗಾದ್ರೂ ಹೋಗಿ. ಎಲ್ಲಿಗೆ ಅಂತ ನಾನು ಕೇಳಲ್ಲ."

ಹೊರಗೂ ಸುಖವಿರಲಿಲ್ಲ. ಪಕ್ಕದ ಮನೆಯ ವಕೀಲರು ಗಿಡಕ್ಕೆ ನೀರು ಹಾಕುತ್ತ ದಿನಾ ಒಂದೇ ಪ್ರಶ್ನೆ ಕೇಳುತ್ತಿದ್ದರು. "ಏನು ಸಾರ್, ಈಗೇನು ಮಾಡ್ಕೊಂಡಿದ್ದೀರಿ?" ಮೀಟರಪ್ಪನವರು ಗಂಭೀರವಾಗಿ, "ಒಂದೆರಡು ಕಡೆ ಮಾತುಕತೆ ನಡೀತಾ ಇದೆ" ಎನ್ನುತ್ತಿದ್ದರು. ನಿಜಕ್ಕೂ ನಡೆಯುತ್ತಿದ್ದ ಮಾತುಕತೆ ಒಂದೇ, ಅದೂ ಬೀದಿ ತುದಿಯ ನಾಯಿಯ ಜೊತೆ. ನಾಯಿ ಒಪ್ಪಿಕೊಂಡಂತೆ ಬಾಲ ಅಲ್ಲಾಡಿಸುತ್ತಿತ್ತು, ಆದರೆ ಖಚಿತವಾಗಿ ಏನನ್ನೂ ಹೇಳುತ್ತಿರಲಿಲ್ಲ.

ಹೀಗೆ ಅಲೆಯುತ್ತ ಒಂದು ಬೆಳಿಗ್ಗೆ ಅವರು ನಗರಸಭೆಯ ಈಜುಕೊಳದ ಮುಂದೆ ಹಾದುಹೋಗುತ್ತಿದ್ದಾಗ, ಗೇಟಿನ ಪಕ್ಕದ ಮೀಟರು ಗಿರಗಿರನೆ ತಿರುಗುತ್ತಿರುವುದು ಕಣ್ಣಿಗೆ ಬಿತ್ತು. ಹಳೆಯ ಕೈ ತುರಿಸಿತು. ಒಳಗೆ ಹೋದರು.

ಒಳಗೆ ಮ್ಯಾನೇಜರು ಮೇಜಿನ ಮೇಲೆ ಮೊಣಕೈಯೂರಿ, ತಲೆ ಹಿಡಿದುಕೊಂಡು ಕೂತಿದ್ದರು. ಅವರ ಸಂಕಟ ಬೇರೆಯದೇ. ಹಿರಿಯರಿಗೆ ಈಜು ಕಲಿಸದ ಕೊಳಗಳನ್ನು ಮುಚ್ಚಿ ಕಾರು ನಿಲ್ಲಿಸುವ ಜಾಗ ಮಾಡುತ್ತೇವೆಂದು ಕಮಿಷನರು ಗುಡುಗಿದ್ದರು. ಹಿರಿಯರೇನೋ ಹೆಸರು ಕೊಟ್ಟಿದ್ದರು. ಕಲಿಸುವವರೇ ಇರಲಿಲ್ಲ. ಮಕ್ಕಳ ಬ್ಯಾಚಿನ ಕೋಚು, "ಮಕ್ಕಳಾದ್ರೆ ತಳ್ಳಿಬಿಡಬಹುದು ಸಾರ್, ಮುದುಕರನ್ನ ತಳ್ಳಿದ್ರೆ ಕಂಪ್ಲೇಂಟ್ ಕೊಡ್ತಾರೆ" ಎಂದು ಕೈಯೆತ್ತಿಬಿಟ್ಟಿದ್ದ. ಇಂಥ ಗಳಿಗೆಯಲ್ಲಿ ಬಾಗಿಲಲ್ಲಿ ನರೆತ ತಲೆಯ, ನೆಟ್ಟಗೆ ನಿಂತ ಮನುಷ್ಯರೊಬ್ಬರು ಕಾಣಿಸಿಕೊಂಡರು.

"ಯಾರು ಬೇಕಾಗಿತ್ತು?" ಎಂದರು ಮ್ಯಾನೇಜರು.

"ಯಾರೂ ಬೇಡ. ನೀರು ನೋಡ್ಕೊಂಡು ಹೋಗೋಣ ಅಂತ ಬಂದೆ."

"ನೀರಿನ ಅನುಭವ ಇದ್ಯಾ ನಿಮಗೆ?"

ಎಷ್ಟೋ ದಿನಗಳ ಮೇಲೆ ಒಬ್ಬರು ಸರಿಯಾದ ಪ್ರಶ್ನೆ ಕೇಳಿದ್ದರು. ಮೀಟರಪ್ಪನವರ ಎದೆ ತಾನಾಗಿ ಉಬ್ಬಿತು. "ಅನುಭವಾನಾ! ಮೀಸೆ ಚಿಗುರಿದಾಗಿಂದ ಇಡೀ ಜೀವನ ಕಳೆದಿದ್ದೇ ನೀರಲ್ಲಿ ಸಾರ್."

ಮ್ಯಾನೇಜರು ಮೊಣಕೈ ಎತ್ತಿದರು. "ಆಳಕ್ಕೆ ಇಳಿದಿದ್ದೀರಾ?"

"ಇಳೀದೆ ಆಗುತ್ತಾ? ಗುಂಡಿ ಎಷ್ಟೇ ಆಳ ಇರಲಿ, ಮೊದಲು ತಲೆ, ಆಮೇಲೆ ಮೈ. ಅದು ನಮ್ಮ ಕ್ರಮ."

"ಸ್ಪರ್ಧೆ ಗಿರ್ಧೆ?"

"ಬೇಕಾದಷ್ಟು. ಜೊತೇಲಿ ಹೊರಟೋರೆಲ್ಲ ಹಿಂದೆ ಉಳಿದ್ರು. ಕೊನೆಗೆ ಮುಂದೆ ಬಂದಿದ್ದು ನಾನೊಬ್ಬನೇ."

"ಉಸಿರು ಹಿಡಿಯೋದು ಹೇಗೆ?"

"ಒಂದು ಬೇಸಿಗೇಲಿ ಸಾರ್, ವಾರಗಟ್ಟಲೆ ಉಸಿರು ಬಿಡೋಕೂ ಪುರುಸೊತ್ತಿರಲಿಲ್ಲ."

ದೊಡ್ಡವರು ತಮ್ಮ ಸಾಧನೆಯನ್ನು ಹೀಗೆ ತಮಾಷೆ ಮಾಡಿಯೇ ಹೇಳುತ್ತಾರೆಂದು ಮ್ಯಾನೇಜರು ಭಾವಿಸಿದರು. ಎದ್ದು ನಿಂತು, "ನಮ್ಮಲ್ಲಿ ಒಂದು ಸೀನಿಯರ್ ಬ್ಯಾಚ್ ಇದೆ, ನೋಡ್ಕೊಳ್ತೀರಾ?" ಎಂದರು.

ಮೀಟರಪ್ಪನವರ ಕಚೇರಿಯಲ್ಲಿ ಬ್ಯಾಚು ಎಂದರೆ ಮೀಟರುಗಳ ಬ್ಯಾಚು. ಸೀನಿಯರ್ ಎಂದರೆ ಹಳೆಯವು. "ಹಳೇದಾದ್ರೆ ಜೋಪಾನ ಜಾಸ್ತಿ ಬೇಕು ಸಾರ್," ಎಂದರು. "ಕೆಲವು ಜಾಮ್ ಆಗಿರ್ತವೆ, ಕೆಲವು ಸೋರ್ತಿರ್ತವೆ. ತಟ್ಟಿದ್ರೆ ಒಡೆದೇ ಹೋಗೋವೂ ಉಂಟು. ನಿಧಾನಕ್ಕೆ ಕೈಯಾಡಿಸಬೇಕು."

"ಆಹಾ! ಇಷ್ಟು ಅರ್ಥ ಮಾಡ್ಕೊಂಡೋರು ಸಿಗೋದೇ ಕಷ್ಟ!" ಮ್ಯಾನೇಜರು ಅವರ ಎರಡೂ ಕೈ ಹಿಡಿದು ಕುಲುಕಿದರು. "ನಾಳೆ ಬೆಳಿಗ್ಗೆಯಿಂದಲೇ ಬನ್ನಿ."

ಮೀಟರಪ್ಪನವರು ಮನೆಗೆ ನಡೆಯಲಿಲ್ಲ, ಹಾರಿದರು. ದಾರಿಯಲ್ಲಿ ವಕೀಲರಿಗೆ ಕೂಗಿ ಹೇಳಿದರು. "ಈಜುಕೊಳದಲ್ಲಿ ಕೆಲಸ ಆಯ್ತು ಸಾರ್! ಅವರೇ ಬೇಡಿಕೊಂಡ್ರು!" ಹೆಂಡತಿಗೂ ಹೇಳಿದರು. "ಉಸ್ತುವಾರಿ ಕೆಲಸ" ಎಂದರು. ಹೆಂಡತಿ, "ಒಳ್ಳೇದಾಯ್ತು" ಎಂದು ಡಬ್ಬಿಗಳನ್ನು ಮೊದಲಿನ ಜಾಗಕ್ಕೆ ಇಟ್ಟುಕೊಳ್ಳತೊಡಗಿದರು.

ಮರುದಿನ ಸ್ಕ್ರೂಡ್ರೈವರ್, ಪಾನಾ ಎಲ್ಲ ಚೀಲದಲ್ಲಿ ತುಂಬಿಕೊಂಡು ಹೋದರೆ, ಕೊಳದ ಪಕ್ಕ ಈಜುಡುಗೆ ತೊಟ್ಟು ತಲೆಗೆ ರಬ್ಬರಿನ ಟೊಪ್ಪಿ ಬಿಗಿದ ವಯಸ್ಸಾದವರ ಸಾಲೊಂದು ಚಳಿಗೆ ನಡುಗುತ್ತ ನಿಂತಿತ್ತು. ಮ್ಯಾನೇಜರು ಮೀಟರಪ್ಪನವರ ಕೊರಳಿಗೆ ಸೀಟಿಯೊಂದನ್ನು ಹಾಕಿ, "ಇವರೇ ನಿಮ್ಮ ಕೋಚು. ನೀರಲ್ಲೇ ಹುಟ್ಟಿ ಬೆಳೆದೋರು" ಎಂದು ಸಾರಿ, ಹೊರಟೇಹೋದರು.

ಮೀಟರಪ್ಪನವರ ಕೈಯಿಂದ ಚೀಲ ಜಾರಿತು. ಪಾನಾ ಠಣ್ ಎಂದಿತು.

ಇಲ್ಲಿ ಓದುಗರಿಗೆ ಒಂದು ವಿಷಯ ತಿಳಿಸಬೇಕು. ಮೀಟರಪ್ಪನವರಿಗೆ ಈಜು ಬರುತ್ತಿರಲಿಲ್ಲ. ಬರುತ್ತಿರಲಿಲ್ಲ ಎಂಬುದು ಸಣ್ಣ ಮಾತಾಯಿತು. ಊರಿಗೆಲ್ಲ ನೀರು ಕುಡಿಸಿದ ಆ ಮನುಷ್ಯರು ಸ್ನಾನದ ಚೊಂಬನ್ನು ತಲೆಯ ಮೇಲೆ ಸುರಿದುಕೊಳ್ಳುವಾಗಲೂ ಒಂದು ಕೈಯಲ್ಲಿ ನಲ್ಲಿ ಹಿಡಿದುಕೊಳ್ಳುತ್ತಿದ್ದರು.

ನಿಜ ಹೇಳಿ ಓಡಿಹೋಗಬೇಕೆಂದು ಬಾಯಿ ತೆರೆದರು. ಅಷ್ಟರಲ್ಲಿ ಸಾಲಿನ ಮೊದಲಲ್ಲಿದ್ದ ಹೆಂಗಸು ಮಾತಾಡಿದರು. ಅವರು ನಿವೃತ್ತ ಶಾಲಾ ಶಿಕ್ಷಕಿ. ಎಲ್ಲರೂ ಟೀಚರಮ್ಮ ಎನ್ನುತ್ತಿದ್ದರು. "ಸಾರ್, ಮೊದಲೇ ಹೇಳಿಬಿಡ್ತೀನಿ. ನನಗೆ ನೀರು ಕಂಡ್ರೆ ಜೀವ ಬಾಯಿಗೆ ಬರುತ್ತೆ. ಮಕ್ಕಳ ಕೋಚು ಮೊನ್ನೆ 'ಹೆದರಬೇಡಿ ಮೇಡಂ' ಅಂತ ಹಿಂದಿನಿಂದ ತಳ್ಳಿಬಿಟ್ಟ."

"ತಳ್ಳಿದ್ನಾ!" ಮೀಟರಪ್ಪನವರಿಗೆ ತಾವೇ ಬಿದ್ದಂತಾಯಿತು. ಕೈ ತಾನಾಗಿ ಗೋಡೆ ಹಿಡಿಯಿತು. "ಎಂಥಾ ಮನುಷ್ಯ! ಹೆದರಿಕೆ ಆದೋರನ್ನ ತಳ್ಳಬಹುದಾ? ನೋಡಿ, ಇವತ್ತು ಯಾರೂ ನೀರಿಗಿಳೀಬೇಡಿ. ಹತ್ತಿರಾನೂ ಹೋಗ್ಬೇಡಿ. ಬನ್ನಿ, ಆ ಬೆಂಚ್ ಮೇಲೆ ಕೂತ್ಕೊಳ್ಳೋಣ."

ಸಾಲಿನ ಉದ್ದಕ್ಕೂ ಒಂದು ನೆಮ್ಮದಿಯ ಉಸಿರು ಹೊರಬಿತ್ತು. ಅದರಲ್ಲಿ ಅತಿ ದೊಡ್ಡ ಉಸಿರು ಕೋಚಿನದೇ ಆಗಿತ್ತೆಂದು ಯಾರಿಗೂ ಗೊತ್ತಾಗಲಿಲ್ಲ.

ಬೆಂಚಿನ ಮೇಲೆ ಏನು ಮಾತಾಡುವುದು? ಅವರಿಗೆ ಗೊತ್ತಿದ್ದದ್ದು ಒಂದೇ ವಿಷಯ. ಈ ನೀರು ಎಲ್ಲಿಂದ ಬಂತು, ಯಾವ ಜಲಾಶಯದಿಂದ ಹೊರಟು ಯಾವ ಗುಡ್ಡ ಬಳಸಿ, ಯಾವ ತೊಟ್ಟಿಯಲ್ಲಿ ಮರಳಿನೊಳಗೆ ಸೋಸಿಕೊಂಡು, ಎಷ್ಟು ಬೀದಿಗಳ ಕೆಳಗೆ ತೆವಳಿಕೊಂಡು ಇಲ್ಲಿ ಬಂದು ಹೀಗೆ ಸುಮ್ಮನೆ ಮಲಗಿದೆ ಎಂದು ಹೇಳಿದರು. "ಅದಕ್ಕೂ ದಣಿವಾಗಿರುತ್ತೆ ಪಾಪ. ಅದೇನು ನಮ್ಮನ್ನ ನುಂಗೋಕೆ ಅಂತ ಬಂದಿಲ್ಲ" ಎಂದರು. ತಮಗೇ ಧೈರ್ಯ ಹೇಳಿಕೊಂಡ ಮಾತು ಅದು. ಆದರೆ ಟೀಚರಮ್ಮ ಮೊದಲ ಸಲ ಕೊಳವನ್ನು ನೇರವಾಗಿ ದಿಟ್ಟಿಸಿ ನೋಡಿದರು.

ಮನೆಗೆ ಹೋಗುವಾಗ ನಾಳೆಯೇ ನಿಜ ಹೇಳಿಬಿಡಬೇಕೆಂದು ಮೀಟರಪ್ಪನವರು ನಿಶ್ಚಯಿಸಿದರು. ಆದರೆ ಗೇಟಿನ ಬಳಿ ವಕೀಲರು ಗಿಡ ಬಿಟ್ಟು ಕೈಕಟ್ಟಿ ನಿಂತಿದ್ದರು. "ಕೋಚಂತೆ! ಇಷ್ಟು ವರ್ಷ ಪಕ್ಕದಲ್ಲಿದ್ದು ಬಾಯಿ ಬಿಡಲಿಲ್ವಲ್ಲ ಸಾರ್ ನೀವು!" ಆ ಕಣ್ಣುಗಳಲ್ಲಿದ್ದ ಗೌರವವನ್ನು ನೋಡಿದ ಮೇಲೆ ನಿಜ ಗಂಟಲಲ್ಲೇ ಸಿಕ್ಕಿಕೊಂಡಿತು. ಯಾರಿಗೆ ತಾನೇ ಸಿಕ್ಕಿಕೊಳ್ಳುವುದಿಲ್ಲ?

ಹಾಗೆ ಶುರುವಾಯಿತು ಮೀಟರಪ್ಪನವರ ಪಾಠಕ್ರಮ. ಕೆಲವು ದಿನ ಬೆಂಚು. ಆಮೇಲೆ ಕೊಳದ ಅಂಚಿನಲ್ಲಿ ಕೂತು ಕಾಲು ಇಳಿಬಿಡುವುದು. ಆಮೇಲೆ ಕಂಬಿ ಹಿಡಿದು ಒಂದು ಮೆಟ್ಟಿಲು. ಯಾರಿಗಾದರೂ ಬೇಡವೆನಿಸಿದರೆ ಮತ್ತೆ ಬೆಂಚು, ಅದಕ್ಕೆ ನಾಚಿಕೆಯಿಲ್ಲ. ಮುಂದಿನದು ಏನೆಂದು ಅವರಿಗೂ ಗೊತ್ತಿರಲಿಲ್ಲವಾದ್ದರಿಂದ, ಆಚೆ ಬದಿಯಲ್ಲಿ ಮಕ್ಕಳ ಕೋಚು ಕಿರುಚುತ್ತಿದ್ದುದನ್ನು ಕಿವಿಗೊಟ್ಟು ಕೇಳಿ, ಕಿರುಚಾಟವನ್ನು ತೆಗೆದುಹಾಕಿ, ಉಳಿದದ್ದನ್ನು ಮೆಲ್ಲಗೆ ಹೇಳುತ್ತಿದ್ದರು. ಅಲ್ಲಿ "ಕಾಲು ಬಡೀರೋ, ಕತ್ತೆಗಳಾ!" ಎಂದು ಹೊರಟದ್ದು ಇಲ್ಲಿ "ಕಾಲು ಸ್ವಲ್ಪ ಆಡಿಸಿ ನೋಡೋಣ್ವಾ?" ಎಂದಾಗುತ್ತಿತ್ತು. ಉಸಿರನ್ನು ನಲ್ಲಿಗೆ ಹೋಲಿಸಿ, "ಪೂರ್ತಿ ತಿರುಗಿಸ್ಬೇಡಿ, ಸಣ್ಣಗೆ ಬಿಡಿ" ಎನ್ನುತ್ತಿದ್ದರು.

ಶಿಷ್ಯರಲ್ಲಿ ಕರ್ನಲ್ ಎಂಬುವರಿದ್ದರು. ಮೀಸೆಯ ಕಾರಣಕ್ಕೆ ಬಂದ ಹೆಸರು ಅದು; ಜೀವನವಿಡೀ ಔಷಧಿ ಅಂಗಡಿ ಇಟ್ಟವರು. ಎದೆಮಟ್ಟದ ನೀರಿಗಿಳಿದಾಗ ಆ ಮೀಸೆ ನಡುಗುವುದು ಎಲ್ಲರಿಗೂ ಕಾಣುತ್ತಿತ್ತು. ಯಾರೂ ನಗುತ್ತಿರಲಿಲ್ಲ. ಇನ್ನೊಬ್ಬರು ದರ್ಜಿ. ಹೆಂಡತಿ ತೀರಿಕೊಂಡ ಮೇಲೆ ಅಂಗಡಿ ಮುಚ್ಚಿ, ಬಾಯಿಯನ್ನೂ ಹೊಲಿದುಕೊಂಡಂತೆ ಇದ್ದವರು. ಮಗಳು ಬಲವಂತದಿಂದ ಸೇರಿಸಿದ್ದಳು. ಅವರು ಬರುವುದು, ಹೇಳಿದಷ್ಟು ಮಾಡುವುದು, ಹೋಗುವುದು. ಒಂದು ಬೆಳಿಗ್ಗೆ ಮೊದಲ ಬಾರಿಗೆ ಬೆನ್ನ ಮೇಲೆ ತೇಲಿ, ಆಕಾಶ ನೋಡುತ್ತ, "ಮೈ ಹಗುರ ಆಯ್ತು" ಎಂದರು. ಅಷ್ಟೇ. ಮೀಟರಪ್ಪನವರು ದಡದಲ್ಲಿ ನಿಂತು ಕಣ್ಣೊರೆಸಿಕೊಂಡರು. ಕ್ಲೋರಿನ್ ಜಾಸ್ತಿಯಾಗಿದೆ ಎಂದು ಮ್ಯಾನೇಜರಿಗೆ ದೂರನ್ನೂ ಕೊಟ್ಟರು.

ಕೋಚು ಮಾತ್ರ ನೀರಿಗಿಳಿಯುತ್ತಿರಲಿಲ್ಲ. ಮೊದಲು ಶೀತವೆಂದರು. ಆಮೇಲೆ ಕಿವಿಯಲ್ಲಿ ಸೋರಿಕೆ ಎಂದರು. ಕೊನೆಗೆ, "ನಾನು ಇಳಿದ್ರೆ ನೀವೆಲ್ಲ ನನ್ನ ನೋಡ್ತಾ ನಿಂತುಬಿಡ್ತೀರಿ" ಎಂದರು. ಈ ಕೊನೆಯ ಮಾತು ಶಿಷ್ಯರ ಮನಸ್ಸಿಗೆ ಬಹಳ ಹಿಡಿಸಿತು. ಎಂಥ ನಿಗರ್ವಿ ಎಂದುಕೊಂಡರು. ಸುದ್ದಿ ಹರಡಿತು. ಇಸ್ತ್ರಿಯವನು, ಅವರು ಒಂದು ಕಾಲದಲ್ಲಿ ಸಮುದ್ರ ದಾಟಿದವರೆಂದ. ವಕೀಲರು, ಸಮುದ್ರ ಎರಡು ಸಲ, ಹೋಗುತ್ತ ಒಂದು ಬರುತ್ತ ಒಂದು ಎಂದು ತಿದ್ದಿದರು. ದೇಶದ ತಂಡಕ್ಕೆ ಆಯ್ಕೆಯಾಗಿದ್ದವರನ್ನು ಕಚೇರಿಯ ರಾಜಕೀಯ ಮುಳುಗಿಸಿತು ಎಂಬುದು ಬೇಕರಿಯ ಮುಂದಿನ ಗುಂಪಿನ ತೀರ್ಮಾನ.

ಮೀಟರಪ್ಪನವರ ಅಕ್ಕನಿಗೆ ಇದು ತಲುಪಿದಾಗ ಆಕೆ ಫೋನಿನಲ್ಲೇ ಕೂಗಿದರು. "ಯಾರು, ನಮ್ಮೋನಾ? ಬಕೆಟ್ ತುಂಬಿದ್ರೆ ಅಳ್ತಿದ್ದ ಕಣ್ರೀ ಅವನು!" ಕೇಳಿಸಿಕೊಂಡವರು, ದೊಡ್ಡ ಮನುಷ್ಯರಿಗೆ ಮನೆಯವರೇ ಬೆಲೆ ಕೊಡುವುದಿಲ್ಲವೆಂದು ಮರುಗಿದರು.

ಹೆಂಡತಿ ಮಾತ್ರ ಏನೂ ಹೇಳುತ್ತಿರಲಿಲ್ಲ. ಒಂದು ದಿನ ಬಟ್ಟೆ ಒಣಹಾಕುತ್ತ, "ದಿನಾ ಈಜುಕೊಳಕ್ಕೆ ಹೋಗ್ತೀರಿ, ಟವೆಲ್ ಒಂದಿನಾನೂ ಒದ್ದೆ ಆಗಲ್ವಲ್ಲ?" ಎಂದರು. ಮರುದಿನದಿಂದ ಮೀಟರಪ್ಪನವರು ಬರುವ ದಾರಿಯಲ್ಲಿ ಬೀದಿ ನಲ್ಲಿಗೆ ಟವೆಲ್ ಹಿಡಿದು, ಹಿಂಡಿ, ತಲೆಗೂದಲಿಗೆ ಒಂದಿಷ್ಟು ಚಿಮುಕಿಸಿಕೊಂಡು ಬರತೊಡಗಿದರು. ನಲ್ಲಿಯ ಎದುರಿಗೇ ತರಕಾರಿ ಅಂಗಡಿ. ಅಲ್ಲಿ ಬದನೆಕಾಯಿ ಆರಿಸುತ್ತಿದ್ದ ಹೆಂಡತಿ ಇದನ್ನೆಲ್ಲ ಕಂಡರು. ಕಂಡು, ಬದನೆಕಾಯಿ ತೂಕ ಮಾಡಿಸಿಕೊಂಡು ಹೋದರು. ಮನೆಯಲ್ಲಿ, "ತಲೆ ಸರಿಯಾಗಿ ಒರೆಸ್ಕೊಳ್ಳಿ, ನೆಗಡಿಯಾದೀತು" ಎಂದಷ್ಟೇ ಹೇಳಿದರು. ಗಂಡ ಮೊದಲಿನ ಹಾಗೆ ಸಿಳ್ಳೆ ಹಾಕಿಕೊಂಡು ಬೂಟು ಕಟ್ಟುತ್ತಿದ್ದುದನ್ನು ಆಕೆ ಗಮನಿಸಿದ್ದರು. ಆ ಸಿಳ್ಳೆಯನ್ನು ಕೆಡಿಸಲು ಆಕೆಗೆ ಮನಸ್ಸಿರಲಿಲ್ಲ.

ಎಲ್ಲ ಹೀಗೇ ನಡೆಯುತ್ತಿತ್ತೇನೋ. ಆದರೆ ಹಿರಿಯರ ಬ್ಯಾಚನ್ನು ನೋಡಲು ಕಮಿಷನರೇ ಬರುತ್ತಾರೆಂದು ಗೊತ್ತಾಯಿತು. ಮ್ಯಾನೇಜರು ಉತ್ಸಾಹದಿಂದ ಊರಿಗೆಲ್ಲ ಹೇಳಿ ಕಳಿಸಿದರು. ಆ ಬೆಳಿಗ್ಗೆ ಕೊಳದ ಸುತ್ತ ಕುರ್ಚಿ ಸಾಲದೆ ಜನ ನಿಂತಿದ್ದರು. ವಕೀಲರು ಮುಂದಿನ ಸಾಲು. ಅಕ್ಕ ಬಸ್ಸು ಹತ್ತಿ ಬಂದಿದ್ದರು. ಹೆಂಡತಿ ಒಂದು ಪಕ್ಕದಲ್ಲಿ ಕೂತಿದ್ದರು. ಕಮಿಷನರು ಗಡಿಯಾರ ನೋಡುವ ಅಭ್ಯಾಸದ, ಚುರುಕಾದ ಹೆಂಗಸು. ಶಿಷ್ಯರು ಸೊಂಟಮಟ್ಟದ ನೀರಿನಲ್ಲಿ ಆ ಗೋಡೆಯಿಂದ ಈ ಗೋಡೆಗೆ ಈಜಿ ತೋರಿಸಿದರು. ಕರ್ನಲ್ಲರ ಮೀಸೆ ನಡುಗಲಿಲ್ಲ. ಚಪ್ಪಾಳೆ ಬಿತ್ತು.

ಮ್ಯಾನೇಜರು ಮೈಕು ಹಿಡಿದರು. "ಈಗ ಕೊನೆಯದಾಗಿ, ಇಷ್ಟು ದಿನ ತಮ್ಮ ವಿದ್ಯೆಯನ್ನು ಮುಚ್ಚಿಟ್ಟುಕೊಂಡಿದ್ದ ನಮ್ಮ ಕೋಚು, ಆಳದ ಕಡೆಯಿಂದ ಈಜಿ ತೋರಿಸಬೇಕೆಂದು ಎಲ್ಲರ ಪರವಾಗಿ ಕೋರುತ್ತೇನೆ!"

"ಅಯ್ಯೋ ಬೇಡ್ರೋ! ಅವನಿಗೆ ಈಜು ಬರಲ್ಲ!" ಎಂದು ಅಕ್ಕ ಎದ್ದು ನಿಂತು ಕೂಗಿದರು.

ಜನ ಗೊಳ್ಳೆಂದು ನಕ್ಕರು. ಕಮಿಷನರೂ ನಕ್ಕು, "ತಮಾಷೆಯ ಮನೆತನ" ಎಂದರು.

ಇದ್ದಕ್ಕಿದ್ದಂತೆ ಕೊಳದ ಆಳದ ತುದಿಯಲ್ಲಿ, ನೀರಿಗೆ ಬೆನ್ನು ಮಾಡಿ, ಎಲ್ಲರ ಎದುರು, ಮೀಟರಪ್ಪನವರು ನಿಂತಿದ್ದರು. ಮ್ಯಾನೇಜರು ಮೈಕನ್ನು ಅವರ ಬಾಯಿಯ ಮುಂದೆ ಹಿಡಿದರು. ಇನ್ನು ಅಡಗಲು ಜಾಗವಿರಲಿಲ್ಲ. ಕತ್ತು ತಿರುಗಿಸಿ, ಸೊಂಟಮಟ್ಟದ ನೀರಿನಲ್ಲಿ ನಿಂತು ತಮ್ಮನ್ನೇ ನೋಡುತ್ತಿದ್ದ ಶಿಷ್ಯರನ್ನು ಕಂಡರು. ಇವರ ಮುಂದೆ ಸುಳ್ಳಾಡಿದ್ದು ಸಾಕೆನಿಸಿತು.

"ಒಂದು ಮಾತು ಹೇಳ್ಬೇಕು," ಎಂದರು. ನಾಚಿಕೆಯಿಂದ ಒಂದು ಹೆಜ್ಜೆ ಹಿಂದೆ ಸರಿದರು. "ನೀವೆಲ್ಲ ನನ್ನ ಮೇಲೆ ನಂಬಿಕೆ ಇಟ್ರಿ." ಇನ್ನೊಂದು ಹೆಜ್ಜೆ. "ಆದ್ರೆ ನಿಜ ಏನಪ್ಪಾ ಅಂದ್ರೆ, ನನಗೆ..." ಮತ್ತೊಂದು ಹೆಜ್ಜೆ.

ಆ ಹೆಜ್ಜೆಯ ಕೆಳಗೆ ನೆಲವಿರಲಿಲ್ಲ.

ಧುಮ್ಮೆಂದು ನೀರು ಹಾರಿತು. ಬೂಟು, ಶರ್ಟು, ಸೀಟಿ ಸಮೇತ ಮೀಟರಪ್ಪನವರು ಕಾಣೆಯಾದರು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಹಿಂದುಮುಂದಾಗಿ ಹಾರಿದ್ರು ನೋಡಿ! ಬೂಟು ಹಾಕ್ಕೊಂಡು!" ಎಂದರು ವಕೀಲರು. ಮೇಲೆ ಒಂದು ಕೈ ಬಂತು, ಬಡಿಯಿತು, ಮುಳುಗಿತು. ಚಪ್ಪಾಳೆ ಜೋರಾಯಿತು. ಮಕ್ಕಳ ಕೋಚು ಕೂಡ ಮೈಮರೆತು ಸಿಳ್ಳೆ ಹಾಕಿದ. "ಒಳಗೆ ಎಷ್ಟು ಹೊತ್ತು ಇರ್ತಾರೆ!" ಎಂದು ಕಮಿಷನರು ಮೆಚ್ಚಿಕೊಂಡು ಗಡಿಯಾರ ನೋಡಿದರು.

ಕರ್ನಲ್ಲು ಟೀಚರಮ್ಮನ ಕಡೆ ತಿರುಗಿ, "ಇದು ಯಾವ ಥರದ ಈಜು? ನಮಗೆ ಹೇಳಿಕೊಟ್ಟಿಲ್ವಲ್ಲ?" ಎಂದರು.

ಟೀಚರಮ್ಮ ಒಂದು ಗಳಿಗೆ ನೋಡಿದರು. "ಇದು ಈಜಲ್ಲ! ನನ್ನನ್ನ ತಳ್ಳಿದಾಗ ನಾನೂ ಹೀಗೇ ಮಾಡಿದ್ದೆ!" ಎಂದು ಚೀರಿ, ಆಳದ ಕಡೆಗೆ ಈಜತೊಡಗಿದರು. ಅವರ ಹಿಂದೆ ದರ್ಜಿ. ದರ್ಜಿಯ ಹಿಂದೆ ಕರ್ನಲ್. ಆಮೇಲೆ ಇಡೀ ಬ್ಯಾಚು.

ಅವರೆಲ್ಲರಿಗಿಂತ ಮುಂಚೆ ಪಕ್ಕದ ಕುರ್ಚಿಯಿಂದ ಯಾರೋ ಎದ್ದು, ಚಪ್ಪಲಿ ಕಳಚಿ, ಉಟ್ಟ ಬಟ್ಟೆಯಲ್ಲೇ ನೆಟ್ಟಗೆ ನೀರಿಗೆ ಹಾರಿದರು. ನೀರು ಹೆಚ್ಚು ಸಿಡಿಯಲಿಲ್ಲ. ಎರಡು ತೋಳು ಒಂದಾದ ಮೇಲೊಂದು ಎದ್ದು ಬಿದ್ದವು, ಸಲೀಸಾಗಿ, ದಿನಾ ಮಾಡುವ ಕೆಲಸದಂತೆ. ಮುಳುಗಿ, ಮೀಟರಪ್ಪನವರ ಕೊರಳಪಟ್ಟಿ ಹಿಡಿದು, ಎತ್ತಿ, ಒಂದೇ ಕೈಯಲ್ಲಿ ಈಜುತ್ತ ಗೋಡೆಗೆ ತಂದರು.

ಮೀಟರಪ್ಪನವರ ಹೆಂಡತಿ.

ಚಪ್ಪಾಳೆ ನಿಂತಿತು. ಕೊಳದಲ್ಲಿ ಕೇಳಿಸುತ್ತಿದ್ದುದು ಮೀಟರಪ್ಪನವರ ಕೆಮ್ಮು ಮಾತ್ರ. ಶಿಷ್ಯರು ಆಳದ ಕಂಬಿ ಹಿಡಿದು ಸುತ್ತ ನೇತಾಡುತ್ತಿದ್ದರು. ಎಲ್ಲರೂ ಸೇರಿ ಗುರುವನ್ನು ಹಿಂದಿನಿಂದ ನೂಕಿ, ಮುಂದಿನಿಂದ ಎಳೆದು ದಡಕ್ಕೆ ಹಾಕಿದರು.

"ನಾನು ಅವಾಗಲೇ ಹೇಳಿದ್ನಲ್ಲ!" ಎಂದು ಅಕ್ಕ ಅಳತೊಡಗಿದರು.

ಕಮಿಷನರ ಮುಖದಲ್ಲಿ ಈಗ ನಗುವಿರಲಿಲ್ಲ. "ಮ್ಯಾನೇಜರೇ, ಈ ಕೋಚಿಗೆ ಈಜು ಬರಲ್ವಾ?"

ಮ್ಯಾನೇಜರು ಮೈಕನ್ನು ಎರಡೂ ಕೈಯಿಂದ ಎದೆಗೆ ಅವಚಿಕೊಂಡರು. ಉತ್ತರ ಕೊಟ್ಟವರು ಮೀಟರಪ್ಪನವರೇ. "ಬರಲ್ಲಮ್ಮ. ಅದನ್ನೇ ಹೇಳೋಕೆ ಹೊರಟಿದ್ದೆ. ಅವರದ್ದೇನೂ ತಪ್ಪಿಲ್ಲ. ನಾನು ನೀರಿನ ಮೀಟರು ನೋಡ್ತಿದ್ದೋನು. ಅವರು ತಪ್ಪು ತಿಳ್ಕೊಂಡ್ರು, ನಾನು ತಿದ್ದಲಿಲ್ಲ. ಕೆಲಸ ಸಿಕ್ತು ಅಂತ ಖುಷಿಯಾಗಿಬಿಟ್ಟಿತ್ತು."

"ಈಜು ಬರದೋರು ಇಷ್ಟು ಜನರನ್ನ ನೀರಿಗಿಳಿಸಿದ್ರಾ? ಏನಾದ್ರೂ ಆಗಿದ್ರೆ?"

ಮೀಟರಪ್ಪನವರು ತಲೆ ತಗ್ಗಿಸಿದರು. ಆಗ ದರ್ಜಿ ನೀರಿನಿಂದ ಹತ್ತಿ ಬಂದರು. ಅವರು ಇಷ್ಟು ಜನರ ಎದುರು ಮಾತಾಡಿದ್ದನ್ನು ಯಾರೂ ಕಂಡಿರಲಿಲ್ಲ.

"ಅಮ್ಮಾ, ಅದು ತಪ್ಪೇ. ಆದ್ರೆ ಒಂದು ಹೇಳ್ತೀನಿ. ಈಗ ನಾನು ಆಳದಲ್ಲಿದ್ದೆ. ನನಗೆ ಗೊತ್ತೇ ಆಗಲಿಲ್ಲ ಆಳದಲ್ಲಿದ್ದೀನಿ ಅಂತ. ಹೋದ ವರ್ಷ ಎಲ್ಲ ನಾನು ಮನೆ ಬಾಗಿಲು ದಾಟಿರಲಿಲ್ಲ. ಇವರು ನನ್ನ ಪಕ್ಕ ಬೆಂಚ್ ಮೇಲೆ ಕೂತು, ಇವತ್ತು ಬೇಡ ಅಂದ್ರೆ ನಾಳೆ ಅಂದ್ರು. ಮತ್ತೆ ಬೇಡ ಅಂದ್ರೆ ನಾಡಿದ್ದು ಅಂದ್ರು. ಬೇರೆ ಯಾರೂ ನನಗೆ ಕಾಯಲಿಲ್ಲ." ಅಷ್ಟು ಹೇಳಿ ಟೊಪ್ಪಿ ತೆಗೆದು ಹಿಂಡತೊಡಗಿದರು.

"ನಮಗೆ ಹೆದರಿಕೆ ಹೇಗಿರುತ್ತೆ ಅಂತ ಇವರಿಗೆ ಗೊತ್ತಿತ್ತು," ಎಂದರು ಟೀಚರಮ್ಮ. "ಯಾಕೆ ಗೊತ್ತಿತ್ತು ಅಂತ ಈಗ ತಿಳೀತು."

ಕಮಿಷನರು ಬಹಳ ಹೊತ್ತು ಗಡಿಯಾರ ನೋಡಲಿಲ್ಲ. ಆಮೇಲೆ ನೀರು ಸುರಿಯುತ್ತಿದ್ದ ಬಟ್ಟೆಯನ್ನು ಹಿಂಡಿಕೊಳ್ಳುತ್ತಿದ್ದ ಹೆಂಡತಿಯ ಕಡೆ ತಿರುಗಿದರು. "ನಿಮಗೆ ಯಾರು ಕಲಿಸಿದ್ದು?"

"ಹೊಳೆ," ಎಂದರು ಹೆಂಡತಿ. "ನಮ್ಮ ಮನೆ ಈಚೆ ದಡ, ಸ್ಕೂಲು ಆಚೆ ದಡ. ದೋಣಿಯವನು ಬರದ ದಿನ ಪುಸ್ತಕ ತಲೆಗೆ ಕಟ್ಕೊಂಡು ಈಜಿ ಹೋಗ್ತಿದ್ದೆ."

ಮೀಟರಪ್ಪನವರು ಕೆಮ್ಮುವುದನ್ನೂ ಮರೆತರು. "ಏನೇ ಇದು! ಮದುವೆಯಾಗಿ ಇಷ್ಟು ವರ್ಷ ಆಯ್ತು, ಒಂದು ದಿನಾನೂ ನೀನು ಹೇಳಲೇ ಇಲ್ವಲ್ಲ!"

"ನೀವು ಯಾವತ್ತು ಕೇಳಿದ್ರಿ?" ಎಂದರು ಹೆಂಡತಿ. "ಮನೆಗೆ ಬಂದ್ರೆ ನಿಮ್ಮ ನೀರಿನ ಸುದ್ದಿ ಮುಗಿಯೋದೇ ಊಟ ಆದ್ಮೇಲೆ. ನನ್ನ ನೀರಿಗೆ ಜಾಗ ಎಲ್ಲಿತ್ತು?"

ಸಿಟ್ಟಿನ ಮಾತಲ್ಲ ಅದು. ಆದರೆ ಮೀಟರಪ್ಪನವರಿಗೆ ಕೊಳದ ನೀರಿಗಿಂತ ಆಳಕ್ಕೆ ಇಳಿಯಿತು.

ನಿಯಮ ನಿಯಮವೇ. ಈಜು ಬರದವರು ಕೋಚಾಗಿರುವಂತಿಲ್ಲವೆಂದು ಕಮಿಷನರು ಸೀಟಿ ಕಳಚಿಸಿ, ಅಲ್ಲೇ ಹೆಂಡತಿಯ ಕೈಗೆ ಕೊಟ್ಟರು. "ನಾಳೆಯಿಂದ ನೀವು." ಹೆಂಡತಿ ಸೀಟಿಯನ್ನು ತಿರುಗಿಸಿ ನೋಡಿದರು.

"ಬರ್ತೀನಿ ಅಮ್ಮಾ. ಆದ್ರೆ ನನಗೆ ಹೆದರಿಕೆ ಅಂದ್ರೇನು ಅಂತ ಗೊತ್ತಿಲ್ಲ. ನಾನೂ ಆ ಮಕ್ಕಳ ಕೋಚಿನ ಹಾಗೆ ತಳ್ಳಿಬಿಟ್ಟೇನು. ಹೊಸದಾಗಿ ಬರೋರು ಮೊದಲು ಇವರ ಬೆಂಚ್ ಮೇಲೆ ಕೂರಲಿ. ಇವರು ಸೈ ಅಂದ್ಮೇಲೆ ನನ್ನ ಹತ್ತಿರ ಬರಲಿ. ಹಾಗಾದ್ರೆ ಮಾತ್ರ."

"ಆಗಲಿ," ಎಂದರು ಕಮಿಷನರು. ಮ್ಯಾನೇಜರು ಮೈಕಿನಲ್ಲೇ ನಿಟ್ಟುಸಿರು ಬಿಟ್ಟರು. ಅದು ಬೀದಿಯವರೆಗೂ ಕೇಳಿಸಿತು.

ಆಮೇಲೆ ಗಂಡಹೆಂಡತಿ ಬೆಳಿಗ್ಗೆ ಜೊತೆಯಾಗಿ ಹೊರಡತೊಡಗಿದರು. ವಕೀಲರು ಕೆಲವು ದಿನ ಯಾರನ್ನು ಮೊದಲು ಮಾತಾಡಿಸಬೇಕೆಂದು ತಿಳಿಯದೆ ಒದ್ದಾಡಿದರು. ಆಮೇಲೆ ತಾವೇ ಬಂದು ಬೆಂಚಿನ ತುದಿಯಲ್ಲಿ ಕೂತರು. ಬೆಂಚು ಸಾಲದೆ ಇನ್ನೊಂದು ಹಾಕಿಸಬೇಕಾಯಿತು. ಎಷ್ಟೋ ಜನ ನೀರಿಗಿಳಿಯದೆ ಬೆಂಚಿನಲ್ಲೇ ಉಳಿದುಬಿಟ್ಟರು. ಮೀಟರಪ್ಪನವರು ಯಾರನ್ನೂ ಏಳಿಸಲಿಲ್ಲ. ಕೂತು ಮಾತಾಡಲು ಬಂದವರಿಗೂ ಬೆಳಿಗ್ಗೆ ಎದ್ದು ಹೋಗಲು ಒಂದು ಜಾಗ ಬೇಕೆಂಬುದು ಅವರಿಗಿಂತ ಚೆನ್ನಾಗಿ ಯಾರಿಗೆ ಗೊತ್ತು?

ಬೆಂಚಿನ ಕೆಲಸ ಮುಗಿದ ಮೇಲೆ ಅವರು ತಾವೇ ಶಿಷ್ಯರಾಗಿ ಕಂಬಿ ಹಿಡಿದು ಇಳಿಯುತ್ತಿದ್ದರು. ಬ್ಯಾಚಿನಲ್ಲಿ ಅವರಷ್ಟು ದಡ್ಡ ಶಿಷ್ಯ ಇನ್ನೊಬ್ಬರಿರಲಿಲ್ಲ. ತೇಲಿಸಿದರೆ ಮುಳುಗುತ್ತಿದ್ದರು, ಕಾಲಾಡಿಸಿದರೆ ಹಿಂದಕ್ಕೆ ಹೋಗುತ್ತಿದ್ದರು. "ಸಣ್ಣಗೆ ಬಿಡಿ ಸಾರ್, ನಲ್ಲಿ ತಿರುಗಿಸೋ ಹಾಗೆ" ಎಂದು ಕರ್ನಲ್ಲು ಅವರ ಪಾಠವನ್ನೇ ಅವರಿಗೆ ಒಪ್ಪಿಸುತ್ತಿದ್ದರು. ಹೆಂಡತಿ ಒಮ್ಮೆಯೂ ತಳ್ಳಲಿಲ್ಲ, ಬೈಯಲಿಲ್ಲ. ಎದುರಿನ ಗೋಡೆಯ ಬಳಿ ನಿಂತು ಕಾಯುತ್ತಿದ್ದರು.

ಚಳಿ ಕಳೆದು ಬಿಸಿಲು ಬಂದ ಒಂದು ಬೆಳಿಗ್ಗೆ, ಸೊಂಟಮಟ್ಟದ ನೀರಿನಲ್ಲಿ, ಮೀಟರಪ್ಪನವರು ಈಚೆ ಗೋಡೆಯನ್ನು ಬಿಟ್ಟರು. ಕೈಕಾಲು ಯಾವ ಯಾವ ದಿಕ್ಕಿಗೋ ಹೋದವು. ಟೀಚರಮ್ಮ, ದರ್ಜಿ, ಕರ್ನಲ್ಲು ಎರಡೂ ಪಕ್ಕದಲ್ಲಿ ಉಸಿರು ಬಿಗಿಹಿಡಿದು ನಡೆದರು. ನಡುವೆ ಒಂದು ಕಡೆ ಅವರು ಪೂರ್ತಿ ನಿಂತೇಹೋದಂತೆ ಕಂಡಿತು. ಆದರೂ ಹೇಗೋ, ಗುಟುಕು ಗುಟುಕು ಕೊಳ ಕುಡಿದುಕೊಂಡು, ಆಚೆ ಗೋಡೆಯನ್ನು ಮುಟ್ಟಿದರು. ಬೆಂಚು ಎದ್ದು ನಿಂತು ಕೂಗಿತು.

ಅವರಿಗೆ ಕೂಗು ಕೇಳಿಸಲಿಲ್ಲ. ಗೋಡೆಗೆ ಒರಗಿ, ಏದುಸಿರು ಬಿಡುತ್ತ, ಹೆಂಡತಿಯ ಮುಖ ನೋಡಿದರು.

"ಆ ಹೊಳೆ... ಎಷ್ಟು ಅಗಲ ಇತ್ತೇ?"

ಹೆಂಡತಿ ಅವರನ್ನು ಒಂದು ಕ್ಷಣ ದಿಟ್ಟಿಸಿದರು. ಆಮೇಲೆ ನೀರಿನ ಮೇಲೆ ಕೈ ಚಾಚಿ ತೋರಿಸಿದರು. "ಈ ಕೊಳದ ಥರದ್ದು ಹತ್ತು ಹಾಕಿದ್ರೂ ಸಾಲಲ್ಲ. ಮೊದಲು ಮಂಡಿಯಷ್ಟು, ಕಾಲಿಗೆ ಕಲ್ಲು ಸಿಗೋದು. ಆಮೇಲೆ ತಣ್ಣಗೆ ಒಂದು ಸೆಳೆತ ಬರೋದು ನೋಡಿ..."

ಮಾತು ಕಡಿಮೆಯ ಆ ಹೆಂಗಸು ಮಾತಾಡುತ್ತಲೇ ಹೋದರು. ಶಿಷ್ಯರು ಒಬ್ಬೊಬ್ಬರಾಗಿ ಮೆಲ್ಲಗೆ ಹತ್ತಿ ಹೋದರು. ಸಮಯ ಮುಗಿಯಿತೆಂದು ಹೇಳಲು ಮ್ಯಾನೇಜರು ಕೊಳದ ಅಂಚಿನವರೆಗೆ ಬಂದರು, ನೋಡಿದರು, ಹೇಳದೆ ಹಿಂದಿರುಗಿದರು. ಆಕೆ ಇನ್ನೂ ಹೊಳೆಯ ನಟ್ಟನಡುವೆ ಇದ್ದರು, ತಲೆಯ ಮೇಲೆ ಪುಸ್ತಕದ ಗಂಟು ಹೊತ್ತು. ಮೀಟರಪ್ಪನವರು ಅಲ್ಲಿ ಅವರನ್ನು ಬಿಟ್ಟು ಬರುವ ಹಾಗಿರಲಿಲ್ಲ.